ಕಾಂತರಾಜ್ ಬೇಡವೆಂದ ಏಳು ಸಿಹಿಗಳು

ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಸಿಹಿ ತರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಇಡೀ ಕೋಲಾರ ಜಿಲ್ಲೆಯಲ್ಲಿ ಖಚಿತವಾದ ಉತ್ತರ ಇದ್ದದ್ದು ಒಬ್ಬನ ಬಳಿ ಮಾತ್ರ. ಅವನು ಕಾಂತರಾಜ್, ಕೋಲಾರದ ಕಾಲೇಜೊಂದರ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಅವನ ಉತ್ತರ: ಬೇಡ.

ಈ ಉತ್ತರ ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಆರು ವರ್ಷಗಳ ಹಿಂದೆ ಪ್ರಾಂಶುಪಾಲರ ಬೀಳ್ಕೊಡುಗೆಗೆಂದು ಕಚೇರಿಯವರೆಲ್ಲ ಬೆಂಗಳೂರಿನ ದೊಡ್ಡ ಹೋಟೆಲೊಂದಕ್ಕೆ ಹೋಗಿದ್ದರು. ಊಟದ ಕೊನೆಗೆ ಕಾಂತರಾಜ್ ಮೆನುವಿನಲ್ಲಿ ಅತಿ ಉದ್ದದ ಹೆಸರಿದ್ದ ಸಿಹಿಯನ್ನು ಬೆರಳಿಟ್ಟು ತೋರಿಸಿದ. ಬೀಸುವ ಕಲ್ಲಿನಷ್ಟು ಅಗಲದ ತಟ್ಟೆ ಬಂತು. ಅದರ ಅಂಚಿನಲ್ಲಿ ಬೆಂಕಿಪೊಟ್ಟಣದಷ್ಟು ಕೇಕು. ಉಳಿದ ಜಾಗದಲ್ಲೆಲ್ಲ ಯಾರೋ ಚಾಕಲೇಟಿನಲ್ಲಿ ಸಹಿ ಅಭ್ಯಾಸ ಮಾಡಿದ ಹಾಗಿತ್ತು. ಇದು ಮಾದರಿ ಇರಬೇಕೆಂದು ತಿಳಿದ ಕಾಂತರಾಜ್ ಅದನ್ನು ತಿಂದು, "ಚೆನ್ನಾಗಿದೆ, ತನ್ನಿ" ಎಂದು ಹೇಳಿ, ಚಮಚ ಹಿಡಿದುಕೊಂಡು ಇಪ್ಪತ್ತೈದು ನಿಮಿಷ ಕಾದ. ಬಂದದ್ದೇ ಪೂರ್ತಿ ಎಂದು ತಿಳಿದಾಗ ಪ್ರಾಂಶುಪಾಲರು ನಕ್ಕರು. ಅವರ ಹಿಂದೆ ಕಚೇರಿ ಹಿರಿತನದ ಪ್ರಕಾರ ನಕ್ಕಿತು.

ಅಂದಿನಿಂದ ಕಾಂತರಾಜ್ ಸಿದ್ಧಾಂತವಾದಿಯಾದ. "ಊಟ ಹೊರಗಡೆ, ಸಿಹಿ ಮನೇಲಿ" ಎಂಬ ಅವನ ಸೂತ್ರವನ್ನು ಕಚೇರಿಯವರು ಬಾಯಿಪಾಠ ಮಾಡಿಕೊಂಡಿದ್ದರು. ಪಕ್ಕದ ಮನೆಯ ಶಾಮಲಮ್ಮ ಹೋಟೆಲಿಗೆ ಹೋಗಿ ಬಂದರೆ ಅವನಿಗೆ ತಿಳಿಯದಂತೆ ಹಿತ್ತಲಿನ ಬಾಗಿಲಿನಿಂದ ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ಸಿದ್ಧಾಂತ ಇಷ್ಟು ಬೇರೂರಿದರೆ ಅದನ್ನು ಪರೀಕ್ಷಿಸಲು ವಿಧಿ ಒಂದು ಭಾನುವಾರವನ್ನು ಹುಡುಕಿಕೊಳ್ಳದೆ ಇರುವುದಿಲ್ಲ.

ಆ ಭಾನುವಾರ ಅವನ ಮಗಳು ಮೌನಿಕಾಳ ಮದುವೆ ಮಾತುಕತೆ.

ಮೌನಿಕಾ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಬೆಳಗಾಗುತ್ತಲೇ ಜನರ ಮನೆಗೇ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಹುಡುಗ ಮುರಳಿಮೋಹನ್, ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದವನು. ಟೊಮೆಟೊ, ಮೆಣಸಿನಕಾಯಿ ಸಸಿ ಬೆಳೆಸಿ ರೈತರಿಗೆ ಮಾರುವ ನರ್ಸರಿ ಇಟ್ಟಿದ್ದ. ಎರಡು ಲಕ್ಷ ಸಸಿಗಳನ್ನು ಸಾಕುವವನಿಗೆ ಒಂದು ಹೆಣ್ಣು ಸಿಕ್ಕಿರಲಿಲ್ಲ. ಮೂರು ಕಡೆಯವರು "ಹುಡುಗ ವ್ಯವಸಾಯವಾ?" ಎಂದು ಕೇಳಿ ಅಲ್ಲಿಗೇ ಮುಗಿಸಿದ್ದರು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಿಂದ ಅವನ ಮನೆಯಲ್ಲಿ ಎಲ್ಲದಕ್ಕೂ ಕೊನೆಯ ಮಾತು ಅಜ್ಜಿ ದೊಡ್ಡಗಂಗಮ್ಮನವರದು. ಅಪ್ಪ ಕೋದಂಡರಾಮಪ್ಪ ಇದ್ದರು. ಆದರೆ ಅವರೂ ಅಮ್ಮನನ್ನು ಕೇಳಿಯೇ ಕೆಮ್ಮುತ್ತಿದ್ದರು.

ದೊಡ್ಡಗಂಗಮ್ಮನವರ ಮನೆತನಕ್ಕೆ ಎರಡು ನಿಯಮಗಳಿದ್ದವು. ಮೊದಲನೆಯದು, ಒಪ್ಪಿಗೆಯಾಗುವ ಮುಂಚೆ ಹೆಣ್ಣಿನ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕುವುದಿಲ್ಲ. ಅದಕ್ಕೇ ಮಧ್ಯಸ್ಥಗಾರ ಮುನಿಯಲ್ಲಪ್ಪ ಕೋಲಾರದ ಹೊರಗೆ ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಊಟ ಗೊತ್ತುಮಾಡಿ, ತಾನು ಬೇರೊಂದು ಮಾತುಕತೆಗೆ ಹೋಗಿದ್ದ. ಹೋಟೆಲು ಯಾರ ಮನೆಯೂ ಅಲ್ಲವಲ್ಲ. ಎರಡನೆಯದು, ಒಪ್ಪಿಗೆ ಎಂದಾಗಲಿ ಇಲ್ಲವೆಂದಾಗಲಿ ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಊಟವಾದ ಮೇಲೆ ಹೆಣ್ಣಿನ ತಂದೆ ಸಿಹಿ ತರಿಸುತ್ತಾನೆ. ಎರಡೂ ಕಡೆಯವರು ತಿಂದರೆ ಸಂಬಂಧ ಕೂಡಿತು. ಸಿಹಿ ಬರದಿದ್ದರೆ ಕೈ ತೊಳೆದು, ನಮಸ್ಕಾರ ಹೇಳಿ, ಅವರವರ ದಾರಿ ಅವರವರಿಗೆ.

ಇದು ಕಾಂತರಾಜನಿಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಅವನ ಮದುವೆ ಕುದುರಿದ್ದೂ ಹೀಗೆಯೇ. ಆದರೆ ಅವನ ದೃಷ್ಟಿಯಲ್ಲಿ ಶಾಸ್ತ್ರಗಳೆಲ್ಲ ಮನೆಗೆ ಸೇರಿದ್ದು, ಹೋಟೆಲಿಗೆ ಸೇರಿದ್ದು ಬಿಲ್ಲು. ಅವನು ಬೆಳಗ್ಗೆ ಐದಕ್ಕೇ ಹೆಂಡತಿ ಸುನಂದಳನ್ನು ಎಬ್ಬಿಸಿ ಮೂವತ್ತು ಒಬ್ಬಟ್ಟು ಮಾಡಿಸಿದ್ದ. ಊಟ ಹೋಟೆಲಿನಲ್ಲಿ ಮುಗಿಸುವುದು, ಬೀಗರನ್ನು ಮನೆಗೆ ಕರೆದುಕೊಂಡು ಬರುವುದು, ಒಬ್ಬಟ್ಟು ಕೊಟ್ಟು ಸಂಬಂಧ ಕೂಡಿಸುವುದು. ಅಚ್ಚುಕಟ್ಟಾದ ಯೋಜನೆ. ಅದು ಗಂಡಿನ ಕಡೆಯವರ ಮೊದಲನೆಯ ನಿಯಮಕ್ಕೇ ವಿರುದ್ಧ ಎಂಬುದು ಅವನಿಗೆ ಹೊಳೆಯಲಿಲ್ಲ. ಯೋಜನೆಯನ್ನು ಯಾರಿಗಾದರೂ ಹೇಳಬೇಕೆಂಬುದೂ ಹೊಳೆಯಲಿಲ್ಲ.

ಊಟ ಸೊಗಸಾಗಿ ನಡೆಯಿತು. ಹುಡುಗ ಹುಡುಗಿ ಕೈತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ ಹತ್ತು ನಿಮಿಷ ಮಾತಾಡಿದರು. ಸೂಜಿ ಚುಚ್ಚಿದರೆ ನೋವಾಗದಂತೆ ಏನು ಮಾಡುತ್ತೀರಿ ಎಂದು ಮುರಳಿ ಕೇಳಿದ. ಸಸಿ ಕೀಳುವಾಗ ಬೇರು ಹರಿಯದಂತೆ ಏನು ಮಾಡುತ್ತೀರಿ ಎಂದು ಮೌನಿಕಾ ಕೇಳಿದಳು. ಇಬ್ಬರ ಉತ್ತರವೂ ಒಂದೇ ಆಗಿತ್ತಂತೆ: ಮಾತಾಡಿಸುತ್ತಾ ಇರಬೇಕು. ವಾಪಸು ಬಂದ ಮಗಳ ಮುಖ ನೋಡಿದ ಸುನಂದ ಗಂಡನ ಕಿವಿಯಲ್ಲಿ, "ಆಯ್ತು ಕಣ್ರೀ, ಇನ್ನೇನೂ ಕೇಳ್ಬೇಡಿ" ಎಂದಳು. ಕಾಂತರಾಜನ ಎದೆ ಉಬ್ಬಿತು.

ಆಗ ಸರ್ವರ್ ಕದಿರೇಶ್ ಬಂದು ನಿಂತ. ನಲವತ್ತು ದಾಟಿದ, ಅನುಭವಸ್ಥ ಮನುಷ್ಯ.

"ಸಾರ್, ಸ್ವೀಟ್ ಏನ್ ತರ್ಲಿ? ಸಿಜ್ಲಿಂಗ್ ಬ್ರೌನಿ, ಗಡ್‌ಬಡ್, ಫಾಲೂದಾ, ಜಾಮೂನ್ ವಿತ್ ಐಸ್‌ಕ್ರೀಂ, ಕ್ಯಾರಮೆಲ್ ಪುಡ್ಡಿಂಗ್, ಎಳನೀರು ಐಸ್‌ಕ್ರೀಂ, ಡೆತ್ ಬೈ ಚಾಕಲೇಟ್."

ದೊಡ್ಡಗಂಗಮ್ಮ ಸೆರಗು ಸರಿಮಾಡಿಕೊಂಡು ಕಾಂತರಾಜನನ್ನು ನೋಡಿದರು. ಕೋದಂಡರಾಮಪ್ಪ ಅಮ್ಮನನ್ನು ನೋಡಿದರು. ಮುರಳಿ ಉಪ್ಪಿನ ಡಬ್ಬಿಯನ್ನು ನೋಡಿದ.

"ಬೇಡ" ಎಂದ ಕಾಂತರಾಜ್.

"ಸಾರ್, ಒಂದಾದ್ರೂ..."

"ಬೇಡಪ್ಪಾ."

"ಸಾರ್, ಇನ್ನೊಂದ್ಸಲ ಯೋಚ್ನೆ ಮಾಡಿ" ಎಂದ ಕದಿರೇಶ್. ಅವನ ದನಿಯಲ್ಲಿ ಮನುಷ್ಯ ಮನುಷ್ಯನಲ್ಲಿ ಮಾಡುವ ವಿನಂತಿಯಿತ್ತು. ಸುನಂದ ಮೇಜಿನ ಕೆಳಗೆ ಗಂಡನ ಕಾಲಿಗೆ ಒದ್ದಳು. ಜಾಗ ಸಾಲದೆಂದು ತಿಳಿದ ಕಾಂತರಾಜ್ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ನೋಡಪ್ಪಾ, ಏಳಲ್ಲ, ಎಪ್ಪತ್ತು ಹೆಸರು ಹೇಳಿದ್ರೂ ನಮ್ಗೆ ಬೇಡ. ಇಂಥಾವೆಲ್ಲ ನಾನು ಬೇಕಾದಷ್ಟು ನೋಡಿದೀನಿ. ಬಿಲ್ ತಗೊಂಬಾ."

ದೊಡ್ಡಗಂಗಮ್ಮ ನಿಧಾನವಾಗಿ ಎದ್ದರು. "ಪೋನೀಲೇ ಕೋದಂಡ, ಹೋಗ್ಲಿ ಬಿಡು. ಎದ್ದೇಳು, ಕೈ ತೊಳ್ಕೊ."

"ಅಮ್ಮಾ, ಹಂಗೇ ಮನೆಗ್ ಬಂದ್ ಹೋಗಿ, ಇಲ್ಲೇ ಎರಡು ಕಿಲೋಮೀಟ್ರು" ಎಂದು ಕಾಂತರಾಜ್ ಹಲ್ಲುಬಿಟ್ಟ.

"ಯಾಕಪ್ಪಾ? ಆಯ್ತಲ್ಲ" ಎಂದು ಅವರು ಕಾರು ಹತ್ತಿದರು. ಮುರಳಿ ಕಾರಿನ ಬಾಗಿಲು ಹಾಕುವ ಮುಂಚೆ ಒಮ್ಮೆ ಮೌನಿಕಾಳ ಕಡೆ ನೋಡಿದ. ನೀರು ಹಾಕುವುದನ್ನು ಮರೆತ ಸಸಿಯ ಹಾಗಿತ್ತು ಅವನ ಮುಖ.

"ಪಾಪ, ಏನೋ ಅರ್ಜೆಂಟಿರ್ಬೇಕು" ಎಂದ ಕಾಂತರಾಜ್. ಹೆಂಡತಿ ಮಗಳು ಇಬ್ಬರೂ ಅವನಿಗೆ ಬೆನ್ನು ತಿರುಗಿಸಿ ಆಟೋ ಹತ್ತಿದರು.

ಮನೆಯಲ್ಲಿ ಅವನು ಷರಟಿನ ಎರಡನೆಯ ಗುಂಡಿ ಬಿಚ್ಚುತ್ತಿದ್ದಾಗ ಮುನಿಯಲ್ಲಪ್ಪನ ಫೋನು ಬಂತು. ಸ್ಪೀಕರ್ ಒತ್ತುವ ಅಗತ್ಯವೇ ಇರಲಿಲ್ಲ; ಮುನಿಯಲ್ಲಪ್ಪನ ದನಿ ಶಾಮಲಮ್ಮನ ಅಡುಗೆಮನೆಯವರೆಗೆ ಹೋಗುವಂಥದ್ದು.

"ಏನ್ಲಾ ಕಾಂತರಾಜ! ಬೇಡ ಅನ್ನೋದಾಗಿದ್ರೆ ನಂಗ್ ಹೇಳೋದಲ್ವೇನ್ಲಾ? ಮುದುಕಿ ಎದುರ್ಗೇ, ಅದೂ ಮೂರು ಮೂರು ಸಲ ಬೇಡ ಅಂದ್ಯಂತೆ! ಮೇಲಿಂದ, ಇಂಥಾವು ಬೇಕಾದಷ್ಟು ನೋಡಿದೀನಿ ಅಂದ್ಯಂತೆ!"

"ಅಯ್ಯೋ, ನಾನ್ ಬೇಡ ಅಂದಿದ್ದು ಐಸ್‌ಕ್ರೀಂ ಕಣಣ್ಣಾ!"

"ಹೆಣ್ಣಿನ ಮಾತುಕತೇಲಿ ಐಸ್‌ಕ್ರೀಂ ಬೇಡ ಅಂದ್ರೆ ಹುಡುಗ ಬೇಡ ಅಂತ ತಾನೇ?"

ಕಾಂತರಾಜ್ ಗೋಡೆಗೆ ಒರಗಿದ. ಆರು ವರ್ಷ ಕಷ್ಟಪಟ್ಟು ಕಟ್ಟಿದ ಸಿದ್ಧಾಂತ ಮೊಟ್ಟಮೊದಲ ಬಾರಿಗೆ ಅವನ ಮೇಲೆಯೇ ಬಿದ್ದಿತ್ತು.

"ನಾನೇ ಫೋನ್ ಮಾಡಿ ಒಪ್ಪಿಗೆ ಅಂತ ಹೇಳ್ಬುಡ್ತೀನಿ!"

"ಹೇಳಿದ್ರೆ ಇನ್ನೂ ಕೆಡ್ತದೆ. ಬಾಯಲ್ ಹೇಳೋದು ಅವರ ಮನೇಲಿ ಲೆಕ್ಕಕ್ಕಿಲ್ಲ. ಇನ್ನೊಂದ್ ಕೇಳ್ಸ್ಕೊ. ಶ್ರೀನಿವಾಸಪುರದವರು ಮಾವಿನ ತೋಟದವರು, ಅವರೂ ಹೆಣ್ಣು ಇಟ್ಕೊಂಡು ಒಂದು ತಿಂಗಳಿಂದ ಕರೀತಾ ಅವ್ರೆ. ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಮುರಳಿ ಮನೆಯವ್ರು ಅಲ್ಲಿಗೆ ಹೊರಟ್ಬುಡ್ತಾರೆ. ಮುದುಕಿ ಹಟಕ್ಕೆ ಬಿದ್ರೆ ಅಲ್ಲೇ ಸಿಹಿ ತಿಂದ್ಬುಟ್ಟು ಬರ್ತಾಳೆ."

ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

"ಮನೇಲಿ ಮೂವತ್ತು ಒಬ್ಬಟ್ಟೈತೆ! ಎತ್ಕೊಂಡು ಓಡ್ತೀನಿ!"

"ಒಬ್ಬಟ್ಟನ್ನ ನೀನು ಬೇಡ ಅಂದ್ಯಾ? ಇಲ್ವಲ್ಲ. ಯಾವ ಸಿಹಿ ಬೇಡ ಅಂದ್ಯೋ ಅದೇ ಸಿಹಿ ತಗೊಂಡ್ಹೋಗಿ ಮುಂದಿಟ್ಟು ತಪ್ಪಾಯ್ತು ಅನ್ಬೇಕು. ಅದೇ ಪದ್ಧತಿ. ಯಾವ್ದು ಬೇಡ ಅಂದೆ?"

"ಅವನು ಏಳು ಹೇಳಿದ."

ಆ ಕಡೆ ಮುನಿಯಲ್ಲಪ್ಪ ಮೂವತ್ತು ವರ್ಷಗಳಲ್ಲಿ ಕುದುರಿಸಿದ ಮದುವೆಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿ ಇಂಥದ್ದೊಂದು ಪೂರ್ವನಿದರ್ಶನ ಹುಡುಕುತ್ತಿದ್ದಿರಬೇಕು.

"ಹಂಗಾದ್ರೆ ಏಳೂ ತಗೊಂಡ್ ಹೋಗು" ಎಂದು ಫೋನಿಟ್ಟ.

ಕಾಂಪೌಂಡಿನ ಮೇಲೆ ಶಾಮಲಮ್ಮನ ತಲೆ ಕಾಣಿಸಿಕೊಂಡಿತು. "ಸುನಂದಾ, ಹುಡುಗನ್ನ ಬೇಡ ಅಂದ್ಬುಟ್ರಂತೆ? ಏನೇ ಐಬು?"

"ಐಬು ಹುಡುಗಂದಲ್ಲ, ನಮ್ಮನೇ ಯಜಮಾನ್ರದ್ದು" ಎಂದಳು ಸುನಂದ.

ಅಳುತ್ತಾಳೆಂದು ಎಲ್ಲರೂ ಹೆದರಿದ್ದ ಮೌನಿಕಾ ಅಳಲಿಲ್ಲ. ಫೋನು ಎತ್ತಿಕೊಂಡು ಮುರಳಿಗೇ ಮಾಡಿದಳು.

"ಅಜ್ಜಿ ಪಕ್ಕದಲ್ಲೇ ಇದ್ದಾರಾ?"

"ಹೂಂ."

"ಮನೇಲಿದೀರಾ?"

"ಹೂಂ."

"ಶ್ರೀನಿವಾಸಪುರಕ್ಕೆ ಹೋಗೋಕೆ ನಿಮ್ಗಿಷ್ಟ ಇದೆಯಾ?"

"ಊಹೂಂ ಊಹೂಂ ಊಹೂಂ."

ಹಿನ್ನೆಲೆಯಲ್ಲಿ ದೊಡ್ಡಗಂಗಮ್ಮನವರ ದನಿ ಕೇಳಿಸಿತು: "ಯಾರೋ ಅದು? ಏನೋ ಅಷ್ಟೊಂದು ಊಹೂಂ?" "ಗೊಬ್ಬರದ ಅಂಗಡಿಯವ್ರು" ಎಂದು ಹೇಳಿ ಮುರಳಿ ಫೋನು ಇಟ್ಟ.

"ಅಪ್ಪಾ, ಸ್ಕೂಟರ್ ತೆಗೀರಿ" ಎಂದಳು ಮೌನಿಕಾ. ಮಂಚದ ಕೆಳಗಿನಿಂದ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಎಳೆದಳು. ಲ್ಯಾಬಿನವರು ನಿನ್ನೆ ತಾನೇ ಕೊಟ್ಟಿದ್ದ ಹೊಸ ಪೆಟ್ಟಿಗೆ. ಫ್ರಿಜ್ಜಿನಲ್ಲಿದ್ದ ನಾಲ್ಕು ಐಸ್ ಪ್ಯಾಕುಗಳನ್ನು ಅದಕ್ಕೆ ಹಾಕಿದಳು.

ಹೋಟೆಲಿನ ಬಾಗಿಲಲ್ಲಿ ಕದಿರೇಶ್ ಅವರನ್ನು ನೋಡಿದ ಕೂಡಲೇ ಎದೆಯ ಮೇಲೆ ಕೈಯಿಟ್ಟುಕೊಂಡ. "ಬಂದ್ರಾ ಸಾರ್! ನಂಗೊತ್ತಿತ್ತು. ಹನ್ನೆರಡನೇ ನಂಬರ್ ಟೇಬಲ್ಲಲ್ಲಿ ಈ ವರ್ಷ ಒಂಬತ್ತು ಮದ್ವೆ ಕುದುರ್ಸಿದೀನಿ. ಸ್ವೀಟ್ ಬೇಡ ಅಂದವ್ರು ನೀವೇ ಫಸ್ಟು. ನಾನು ಕಣ್ಣಲ್ಲಿ ಹೇಳ್ದೆ, ಹುಬ್ಬಲ್ಲಿ ಹೇಳ್ದೆ..."

"ಏಳೂ ಕಟ್ಟು! ಬೇಗ!"

"ಸಿಜ್ಲಿಂಗ್ ಬ್ರೌನಿ ಕಟ್ಟೋಕಾಗಲ್ಲ ಸಾರ್. ಅದು ಕಾದ ಹಂಚಿನ ಮೇಲೆ ಚುಂಯ್ ಅನ್ಬೇಕು."

"ಚುಂಯ್ ಅನ್ನೋದನ್ನ ಬಿಟ್ಟು ಉಳಿದಿದ್ದು ಕಟ್ಟು! ಮತ್ತೆ ಆ ಡೆತ್ ಅಂತ ಹೇಳಿದ್ಯಲ್ಲ, ಅದು ಬೇಡ. ಶುಭಕಾರ್ಯ."

"ಅಪ್ಪಾ!" ಎಂದಳು ಮೌನಿಕಾ. "ಬೇಡ ಅನ್ನೋ ಪದ ಇನ್ನೊಂದ್ಸಲ ನಿಮ್ಮ ಬಾಯಲ್ಲಿ ಬಂದ್ರೆ ನಾನು ಇಲ್ಲಿಂದ ಒಬ್ಳೇ ಹೋಗ್ತೀನಿ."

ಏಳೂ ಕಟ್ಟಲಾಯಿತು. ಕದಿರೇಶ್ ತಾನೇ ಪೆಟ್ಟಿಗೆಯನ್ನು ಸ್ಕೂಟರಿನವರೆಗೆ ಹೊತ್ತು ತಂದು, "ಹೋಗ್ಬನ್ನಿ ಸಾರ್, ಹತ್ತನೇದಾಗ್ಲಿ" ಎಂದು ಕೈಮುಗಿದ. ಅಡುಗೆಯವರು ಕಿಟಕಿಯಿಂದ ಚಪ್ಪಾಳೆ ತಟ್ಟಿದರು.

ಈಗ ಮೂರು ಗಂಟೆ ಇಪ್ಪತ್ತು ನಿಮಿಷ. ಸ್ಕೂಟರು ಮುಳಬಾಗಿಲಿನ ಕಡೆ ಹಾರಿತು. ಹಾರಿತು ಎಂದರೆ ಗಂಟೆಗೆ ನಲವತ್ತು ಕಿಲೋಮೀಟರ್. ಕಾಂತರಾಜನ ಮಟ್ಟಿಗೆ ಅದು ಹಾರಾಟವೇ. ಹಿಂದೆ ಮೌನಿಕಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದುರಾದ ಪ್ರತಿ ಟೊಮೆಟೊ ಲಾರಿಯನ್ನೂ ಬೈಯುತ್ತಾ ಕುಳಿತಿದ್ದಳು. ಪೆಟ್ಟಿಗೆಯ ನಾಲ್ಕೂ ಮಗ್ಗುಲಲ್ಲಿ ಲ್ಯಾಬಿನವರು ಕೆಂಪು ಅಕ್ಷರದಲ್ಲಿ ಅಚ್ಚುಹಾಕಿಸಿದ್ದರು: ರಕ್ತ. ತುರ್ತು.

ಹೆದ್ದಾರಿಯ ತಿರುವೊಂದರಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಪೊಲೀಸರ ತಪಾಸಣೆ. ಕಾಂತರಾಜ್ ರಸ್ತೆಯ ಅಂಚಿನ ಮಣ್ಣಿಗೆ ಇಳಿದು ಮುಂದಕ್ಕೆ ನುಗ್ಗಿದ. ಜೀವನದಲ್ಲಿ ಮೊದಲ ಸಲ ಕಾನೂನು ಮುರಿದವನನ್ನು ಹಿಡಿಯಲು ಮುಖ್ಯ ಪೇದೆಯೊಬ್ಬ ಅಲ್ಲೇ ನಿಂತಿದ್ದ. ದಪ್ಪ ಮೀಸೆ, ಪಕ್ಕದಲ್ಲಿ ಸೈರನ್ ಇದ್ದ ಮೋಟಾರ್ ಬೈಕು.

"ಏಯ್, ನಿಲ್ಸು! ಎಲ್ಲಿಗೆ ಇಷ್ಟು..." ಎಂದವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಮೀಸೆ ಮೆತ್ತಗಾಯಿತು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಎಲ್ಲಿಗೆ?"

"ದೇವರಾಯಸಮುದ್ರ ಸಾರ್" ಎಂದ ಕಾಂತರಾಜ್.

"ಯಾವ ಗ್ರೂಪು?"

ಕಾಂತರಾಜ್ ಸುಳ್ಳು ಹೇಳುವವನಲ್ಲ. ಆದರೆ ಪೆಟ್ಟಿಗೆಯ ಮೇಲೆ ಏನು ಬರೆದಿದೆಯೆಂದು ಅವನು ನೋಡಿರಲೂ ಇಲ್ಲ. ಪೇದೆ ಏನು ಕೇಳುತ್ತಿದ್ದಾನೆಂದು ತಿಳಿಯದೆ, ಒಳಗಿರುವುದನ್ನು ಪ್ರಾಮಾಣಿಕವಾಗಿ ಎಣಿಸಿದ.

"ಏಳು ಥರದ್ದೈತೆ ಸಾರ್."

"ಏಳಾ?! ಏಳು ಜನಕ್ಕಾ? ಅಯ್ಯಯ್ಯಪ್ಪಾ!"

"ಲೇಟಾದ್ರೆ ಎಲ್ಲಾ ಹೋಗ್ಬುಡ್ತಾರೆ ಸಾರ್!" ಎಂದು ಕಾಂತರಾಜ್ ಗೋಳಿಟ್ಟ. ನಿಜವನ್ನೇ ಹೇಳಿದ್ದ, ನಾಲ್ಕೂವರೆಯೊಳಗೆ ಅವರು ಶ್ರೀನಿವಾಸಪುರಕ್ಕೆ ಹೋಗುವವರಿದ್ದರು.

ಮೌನಿಕಾ ಬಾಯಿ ತೆರೆದಳು. ಗಡಿಯಾರ ನೋಡಿಕೊಂಡಳು. ಬಾಯಿ ಮುಚ್ಚಿದಳು.

ಮುಖ್ಯ ಪೇದೆ ಬೈಕು ಹತ್ತಿ ಸೈರನ್ ಒತ್ತಿದ. "ನನ್ ಹಿಂದೇನೇ ಬನ್ನಿ! ಏಳು ಜೀವದ ಪ್ರಶ್ನೆ!" ಹೆದ್ದಾರಿ ಇಬ್ಭಾಗವಾಯಿತು. ಲಾರಿಗಳು ಪಕ್ಕಕ್ಕೆ ಸರಿದವು. ಚಿತ್ತೂರಿನ ಕಡೆ ಹೊರಟಿದ್ದ ಬಸ್ಸಿನ ಪ್ರಯಾಣಿಕರು ಕಿಟಕಿಯಿಂದ ಕೈಮುಗಿದರು. ಒಂದು ಮದುವೆ ದಿಬ್ಬಣದ ವ್ಯಾನು ತನ್ನ ಹಾಡನ್ನು ನಿಲ್ಲಿಸಿ ಗೌರವ ಸೂಚಿಸಿತು. ಹೀಗೆ ಮುಂದೆ ಸರ್ಕಾರ, ಹಿಂದೆ ಕಾಂತರಾಜ್, ಅವನ ಹಿಂದೆ ಒಂದು ಗಡ್‌ಬಡ್, ಒಂದು ಫಾಲೂದಾ ಮುಂತಾದ ಏಳು ಸಿಹಿಗಳು ಅರವತ್ತರ ವೇಗದಲ್ಲಿ ದೇವರಾಯಸಮುದ್ರವನ್ನು ಪ್ರವೇಶಿಸಿದವು.

ಸೈರನ್ ಕೇಳಿದ ಊರು ಬೀದಿಗೆ ಬಂತು. ಕೆರೆಯ ಕಡೆಯಿಂದ ಬಂದವರು ಅಪಘಾತವೆಂದರು, ಡೇರಿಯ ಕಡೆಯಿಂದ ಬಂದವರು ಕೋದಂಡರಾಮಪ್ಪನವರಿಗೆ ಎದೆನೋವು ಎಂದರು. ಕಾರಿನ ಪಕ್ಕ ಬಿಳಿ ಪಂಚೆಯುಟ್ಟು ನಿಂತಿದ್ದ ಕೋದಂಡರಾಮಪ್ಪ ತಮಗೆ ಎದೆನೋವೆಂಬ ಸುದ್ದಿ ಕೇಳಿ ಎದೆ ಮುಟ್ಟಿ ನೋಡಿಕೊಂಡರು. ಮುರಳಿ ಸ್ಟಿಯರಿಂಗ್ ಹಿಡಿದು ಕುಳಿತಿದ್ದ. ದೊಡ್ಡಗಂಗಮ್ಮ ಒಂದು ಕಾಲನ್ನು ಕಾರಿನೊಳಗೆ ಇಟ್ಟಿದ್ದರು.

"ದಾರಿ ಬಿಡಿ! ಪೇಷಂಟುಗಳೆಲ್ಲಿ? ಏಳೂ ಜನ ಎಲ್ಲಿ?" ಎಂದು ಮುಖ್ಯ ಪೇದೆ ಗುಡುಗಿದ.

"ಯಾವ ಪೇಷಂಟಪ್ಪಾ? ಯಾರಿಗ್ ರಕ್ತ?" ಎಂದರು ದೊಡ್ಡಗಂಗಮ್ಮ. ಆಮೇಲೆ ಅವರಿಗೆ ಕಾಂತರಾಜ್ ಕಾಣಿಸಿದ. "ನೀನಾ?! ಏಮಪ್ಪಾ, ಬೇಡ ಅಂದಿದ್ ಸಾಲ್ದು ಅಂತ ನನ್ ಮೊಮ್ಮಗನ ರಕ್ತ ಪರೀಕ್ಷೆ ಮಾಡ್ಸೋಕ್ ಪೊಲೀಸ್ ಕರ್ಕೊಂಬಂದ್ಯಾ?"

ಊರು ಒಟ್ಟಾಗಿ ಉಸಿರೆಳೆದುಕೊಂಡಿತು.

"ಅಮ್ಮಾ, ತಪ್ಪಾಯ್ತು! ನಾನ್ ಬೇಡ ಅಂದಿದ್ದೆಲ್ಲಾ ತಂದಿದೀನಿ!" ಎಂದು ಕಾಂತರಾಜ್ ಪೆಟ್ಟಿಗೆಯನ್ನು ಅವರ ಕಾಲ ಬಳಿ ಇಟ್ಟು ಮುಚ್ಚಳ ತೆಗೆದ.

ಎಲ್ಲರೂ ಬಗ್ಗಿ ನೋಡಿದರು. ಮಣ್ಣಿನ ದಾರಿಯಲ್ಲಿ ಅರವತ್ತರ ವೇಗ ಯಾವ ಸಿಹಿಗೂ ಒಳ್ಳೆಯದಲ್ಲ. ಡಬ್ಬಿಗಳ ಮುಚ್ಚಳ ಹಾರಿ, ಏಳು ಹೆಸರುಗಳು ತಮ್ಮ ಭೇದಭಾವ ಮರೆತು ಒಂದಾಗಿದ್ದವು. ಪೆಟ್ಟಿಗೆಯ ತುಂಬಾ ಕಂದು ಬಣ್ಣದ, ಅಲ್ಲಲ್ಲಿ ಕೆಂಪಗೆ ತೇಲುವ ದ್ರವ. ನಡುವೆ ಎರಡು ಜಾಮೂನು ದ್ವೀಪಗಳ ಹಾಗೆ ನಿಂತಿದ್ದವು.

"ಇದೇನ್ ರಕ್ತಾನಾ?" ಎಂದಿತು ಒಂದು ದನಿ.

"ಫಾಲೂದಾ" ಎಂದ ಕಾಂತರಾಜ್ ಕ್ಷೀಣವಾಗಿ.

ಮುಖ್ಯ ಪೇದೆ ಬೆರಳದ್ದಿ ಮೂಸಿದ. ಅವನ ಮೀಸೆ ಅದುರಿತು. "ಐಸ್‌ಕ್ರೀಮಾ? ಐಸ್‌ಕ್ರೀಮಿಗೆ ನಾನು ಸೈರನ್ ಹಾಕ್ಕೊಂಡು ಹೆದ್ದಾರಿ ಖಾಲಿ ಮಾಡ್ಸಿದ್ನಾ? ರೀ, ಹತ್ರೀ ಬೈಕು! ಏನ್ರೀ ಹೆಸ್ರು ನಿಮ್ದು?"

"ರಕ್ತ ಅಂತ ಬರ್ದಿರೋ ಡಬ್ಬದಲ್ ಇಟ್ಟಿದ್ದನ್ನ ಯಾರಪ್ಪಾ ತಿಂತಾರೆ!" ಎಂದು ದೊಡ್ಡಗಂಗಮ್ಮ ಮುಖ ತಿರುಗಿಸಿದರು. ಅವರ ದನಿ ಒಮ್ಮೆಲೇ ಇಳಿಯಿತು. "ಮಣ್ಣು ಮುಟ್ಟೋನು ಅಂತ ಮೂರು ಕಡೆ ಬೇಡ ಅಂದ್ರು. ನೀನ್ ನಾಲ್ಕನೇವ್ನು. ಅವರ್ಯಾರೂ ಮನೆ ಬಾಗ್ಲಿಗ್ ಬಂದು ನಗೆಪಾಟಲು ಮಾಡಿರ್ಲಿಲ್ಲ. ಮುರಳೀ, ಗಾಡಿ ತೆಗಿ."

ನಾಲ್ಕು ಗಂಟೆ ಹದಿನೆಂಟು ನಿಮಿಷ. ಕಾಂತರಾಜ್ ಪೆಟ್ಟಿಗೆಯ ಮುಂದೆ ಕುಸಿದು ಕುಳಿತ. ಅವನ ಬಳಿ ಇನ್ನು ಯಾವ ಸಿಹಿಯೂ ಉಳಿದಿರಲಿಲ್ಲ. ಮುರಳಿ ಗಾಡಿಯ ಕೀಲಿಯನ್ನು ತಿರುಗಿಸಿದ. ಅದು ಹೇಗೋ ಎಡಕ್ಕೇ ತಿರುಗುತ್ತಿತ್ತು, ಎಂಜಿನ್ನು ಹೊತ್ತಿಕೊಳ್ಳಲೇ ಇಲ್ಲ.

"ಸಾರ್, ನಮ್ಮಪ್ಪಂದು ತಪ್ಪಿಲ್ಲ" ಎಂದು ಮೌನಿಕಾ ಪೇದೆಯ ಮುಂದೆ ಬಂದು ನಿಂತಳು. "ಡಬ್ಬ ನಂದು. ಅದರ ಮೇಲೆ ಏನಿದೆ ಅಂತ ನಂಗೆ ಗೊತ್ತಿತ್ತು. ನೀವು ತಪ್ಪು ತಿಳ್ಕೊಂಡ್ರಿ ಅಂತಾನೂ ಗೊತ್ತಾಯ್ತು. ಸುಮ್ನಿದ್ದೆ. ಬರೀಬೇಕಾದ್ರೆ ನನ್ ಹೆಸ್ರು ಬರ್ಕೊಳಿ."

"ಯಾಕಮ್ಮಾ ಸುಮ್ನಿದ್ದೆ?"

"ಸ್ವೀಟ್ ತಿಂದ್ರೆ ಮದ್ವೆಗೆ ಒಪ್ಪಿಗೆ, ತಿನ್ನದಿದ್ರೆ ಇಲ್ಲ ಅಂತ ಇವರ ಪದ್ಧತಿ ಸಾರ್. ನಮ್ಮಪ್ಪ ಹೋಟ್ಲಲ್ಲಿ ಬೇಡ ಅಂದ್ಬುಟ್ರು. ಅವರು ಅಂದಿದ್ದು ಸ್ವೀಟಿಗೆ. ಅಜ್ಜಿ ತಿಳ್ಕೊಂಡಿದ್ದು ಹುಡುಗನಿಗೆ."

ಮುಖ್ಯ ಪೇದೆ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ: ಎದುರಿಗಿರುವ ಮನುಷ್ಯನ ಹೇಳಿಕೆ ಪಡೆಯುವುದು. ಜೇಬಿನಿಂದ ಪುಸ್ತಕ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿದ.

"ಅದೆಲ್ಲಾ ಇರ್ಲಿ. ನಿಂಗ್ ಒಪ್ಪಿಗೆ ಇದೆಯೇನಮ್ಮಾ?"

ಬೆಳಗ್ಗೆಯಿಂದ ಮುನಿಯಲ್ಲಪ್ಪ ಕೇಳಿರಲಿಲ್ಲ, ಅಪ್ಪ ಕೇಳಿರಲಿಲ್ಲ, ಅಜ್ಜಿ ಕೇಳಿರಲಿಲ್ಲ. ಪದ್ಧತಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಕೊನೆಗೆ ಅದನ್ನು ಸರ್ಕಾರ ಕೇಳಿತ್ತು, ಲಿಖಿತವಾಗಿ.

"ಇದೆ ಸಾರ್" ಎಂದಳು ಮೌನಿಕಾ. ಆಮೇಲೆ ಕಾರಿನ ಕಡೆ ತಿರುಗಿ ಇನ್ನೂ ಜೋರಾಗಿ, "ನಂಗೆ ಒಪ್ಪಿಗೆ ಇದೆ ಅಜ್ಜೀ. ನಿಮ್ ಮೊಮ್ಮಗ ನಂಗಿಷ್ಟ. ಅವರು ಮಣ್ಣು ಮುಟ್ತಾರೆ, ನಾನು ರಕ್ತ ಮುಟ್ತೀನಿ. ಕೈ ತೊಳ್ಕೊಂಡ್ರೆ ಎರಡೂ ಹೋಗ್ತದೆ" ಎಂದಳು.

ದೊಡ್ಡಗಂಗಮ್ಮ ಕಾರಿನೊಳಗಿದ್ದ ಕಾಲನ್ನು ಹೊರಗೆ ಎಳೆದುಕೊಂಡರು. ಮೌನಿಕಾಳ ಹತ್ತಿರ ಬಂದು ಅವಳ ಗಲ್ಲ ಹಿಡಿದು ಎತ್ತಿ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಪೇದೆಯ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ಇಂಕಿನ ಮಚ್ಚೆಯೊಂದು ಬೆಳೆಯಿತು.

"ಅಯ್ಯೋ ದೇವುಡಾ. ಹಿಂಗೂ ಹೇಳ್ಬೋದಾಗಿತ್ತಾ?" ಎಂದರು. "ನನ್ ಮದ್ವೆ ಮಾತುಕತೆ ದಿನ ಒಬ್ಬರೂ ನನ್ನ ಕೇಳ್ಲಿಲ್ಲ ಕಣೇ. ಜಿಲೇಬಿ ಬಾಯಿಗಿಟ್ರು, ನುಂಗ್ದೆ. ಅಷ್ಟೇ ಒಪ್ಪಿಗೆ." "ಜಿಲೇಬಿ ಚೆನ್ನಾಗಿತ್ತು" ಎಂದು ಸೇರಿಸಿದರು.

ಆಮೇಲೆ ಅವರು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬಗ್ಗಿ ನೋಡಿದರು. "ಕೋದಂಡ, ಲೋಟ ತಗಂಬಾ. ಚಮಚಕ್ ಸಿಗೋ ಹಂಗಿಲ್ಲ ಇದು."

ಲೋಟಗಳು ಬಂದವು. ಕಾಂತರಾಜ್ ತಾನೇ ತುಂಬಿಸಿ ಕೊಟ್ಟ. ದೊಡ್ಡಗಂಗಮ್ಮ ಕಣ್ಣು ಮುಚ್ಚಿ ಒಂದು ಗುಟುಕು ಎಳೆದರು. ಊರು ಅವರ ಗಂಟಲನ್ನೇ ನೋಡುತ್ತಿತ್ತು. ಅವರು ಎರಡನೆಯ ಗುಟುಕು ಎಳೆದರು. ಮೂರನೆಯದಕ್ಕೆ ಲೋಟ ಖಾಲಿಯಾಯಿತು.

"ಯಾವ ಪಾಯಸಾಪ್ಪಾ ಇದು? ಹಾಕಿನ್ನೊಂದು" ಎಂದು ಲೋಟ ಚಾಚಿದರು.

ಕಾಂತರಾಜ್ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು, ಷರಟಿನ ಮೇಲೆ ಕ್ಯಾರಮೆಲ್ ಇತ್ತು. "ಕುಡೀರಮ್ಮಾ, ಎಲ್ರೂ ಕುಡೀರಿ!" ಎಂದು ಕೂಗುತ್ತಾ, ಬೇಡ ಬೇಡ ಎಂದು ಹಿಂದೆ ಸರಿಯುತ್ತಿದ್ದವರ ಕೈಗೂ ಲೋಟ ತುರುಕಿದ. ಕೋದಂಡರಾಮಪ್ಪ ಅಮ್ಮನನ್ನು ಕೇಳದೆಯೇ ಕುಡಿದರು. ಪೇದೆ ಹೇಳಿಕೆಯ ಕೆಳಗೆ ಮೌನಿಕಾಳ ಸಹಿ ಹಾಕಿಸಿಕೊಂಡು, "ಇನ್ಮೇಲೆ ಡಬ್ಬದ ಮೇಲೆ ಸರಿಯಾಗಿ ಬರ್ಸಮ್ಮಾ" ಎಂದು ಗದರಿ, ಬೀದಿಗೆ ಬೆನ್ನು ಮಾಡಿ ತನ್ನ ಲೋಟವನ್ನು ಮುಗಿಸಿದ. ಶ್ರೀನಿವಾಸಪುರದವರಿಗೆ ಏನು ಹೇಳಬೇಕೆಂದು ಮುನಿಯಲ್ಲಪ್ಪನಿಗೆ ಫೋನು ಹೋಯಿತು. ರಾಹುಕಾಲಕ್ಕೆ ಇನ್ನೂ ಐದು ನಿಮಿಷ ಇತ್ತು.

ಈ ಗಲಾಟೆಯಲ್ಲಿ ಕಾರಿನಿಂದ ಇಳಿದು ಬಂದು, ಎಲ್ಲರ ಹಿಂದೆ ನಿಂತಿದ್ದ ಮುರಳಿಮೋಹನ್ ಎರಡು ಸಲ ಗಂಟಲು ಸರಿಮಾಡಿಕೊಂಡ. ಬಾಯಿಬಿಟ್ಟು ಹೇಳಬಹುದೆಂಬುದು ಆ ಮನೆಯಲ್ಲಿ ಅಂದು ತಾನೇ ಜಾರಿಗೆ ಬಂದಿದ್ದರಿಂದ ಅವನಿಗೂ ಉತ್ಸಾಹ ತಡೆಯಲಾಗಲಿಲ್ಲ.

"ಅಜ್ಜೀ, ನಂಗೂ ಒಪ್ಪಿಗೆ!" ಎಂದು ಕೂಗಿದ.

"ನಿನ್ನ ಯಾರೋ ಕೇಳಿದ್ರು?" ಎಂದರು ದೊಡ್ಡಗಂಗಮ್ಮ. "ಹೋಗು, ಇನ್ನೆರಡು ಲೋಟ ತಗಂಬಾ."